ಆನ್‌ಲೈನ್ ಕೋರ್ಸಿಗೆ ಸೇರುವ ಮೊದಲು ಮನೆಯಲ್ಲಿ ಕೂತು ಮಾತಾಡಿ

ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮಾರ್ಕು ಚೆನ್ನಾಗಿದ್ದು ಕಾಲೇಜು ಹತ್ತಿರ ಇದ್ದರೆ "ಡಿಗ್ರಿಗೆ ಸೇರಿಸುವಾ" ಎನ್ನುತ್ತಾರೆ. ಕಾಲೇಜು ದೂರ ಇದ್ದರೆ, ಮನೆಯಲ್ಲಿ ದುಡಿಯುವವರು ಒಬ್ಬರೇ ಆಗಿದ್ದರೆ, ಇಲ್ಲವೇ ಮದುವೆಯ ಮಾತುಕತೆ ನಡೆದಿದ್ದರೆ "ಇನ್ನು ಓದಿದ್ದು ಸಾಕು" ಎನ್ನುತ್ತಾರೆ. ಕೊರೊನಾ ಕಾಲದ ನಂತರ ಮೂರನೆಯ ಮಾತೊಂದು ಸೇರಿಕೊಂಡಿದೆ: "ಆನ್‌ಲೈನ್‌ನಲ್ಲಿ ಮಾಡಿದ್ರೆ ಆಗ್ಲಿಕ್ಕಿಲ್ವಾ ಉಸ್ತಾದ್?"

ಖಂಡಿತ ಆಗುತ್ತದೆ. ಆದರೆ ಫೋನ್ ಇದೆ, ನೆಟ್ ಇದೆ ಎಂದ ಮಾತ್ರಕ್ಕೆ ಆಗುವುದಿಲ್ಲ. ಸೇರಿದವರಲ್ಲಿ ಅರ್ಧಕ್ಕೆ ಬಿಟ್ಟವರನ್ನು ನಾವು ತುಂಬಾ ನೋಡಿದ್ದೇವೆ. ಅವರಲ್ಲಿ ಹೆಚ್ಚಿನವರು ಬುದ್ಧಿ ಇಲ್ಲದೆ ಬಿಟ್ಟವರಲ್ಲ. ಯಾವ ಕೋರ್ಸು, ಯಾವ ತಿಂಗಳು, ಯಾವ ಹೊತ್ತು ಎಂಬ ಮೂರು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳದೆ ಬಿಟ್ಟವರು. ಹಾಗಾಗಿ ಈ ವಾರ ಅದರ ಬಗ್ಗೆಯೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ನಾವಿರುವುದು ಮೈಸೂರು ಜಿಲ್ಲೆಯ ಚುಂಚನಕಟ್ಟೆಯ ಕಡೆ. ಮಂಗಳೂರಿನಿಂದ ಮಡಿಕೇರಿ, ಕುಶಾಲನಗರ ದಾಟಿ ಮೈಸೂರಿಗೆ ಹೋಗುವ ನಮ್ಮವರಿಗೆ ಪಿರಿಯಾಪಟ್ಟಣ, ಹುಣಸೂರು ಪರಿಚಿತ ಊರುಗಳು. ಆ ಹೆದ್ದಾರಿಯಿಂದ ಒಳಗೆ, ಕೆ.ಆರ್. ನಗರದ ಕಡೆಗೆ ಬಂದರೆ ಚುಂಚನಕಟ್ಟೆ. ಕಾವೇರಿ ಇಲ್ಲಿ ಬಂಡೆಗಳ ನಡುವೆ ಧುಮುಕುತ್ತಾಳೆ. ಸಂಕ್ರಾಂತಿಯ ಹೊತ್ತಿನ ದನದ ಜಾತ್ರೆ ಹೆಸರುವಾಸಿ. ಸಹಕಾರಿ ಸಕ್ಕರೆ ಕಾರ್ಖಾನೆ ಹಲವು ವರ್ಷ ಬಾಗಿಲು ಮುಚ್ಚಿದ್ದನ್ನು ಇಲ್ಲಿನ ಕಬ್ಬಿನ ರೈತರು ಮರೆತಿಲ್ಲ. ಇಂತಹ ಊರಿನಿಂದ ಮೈಸೂರಿಗೆ ಐವತ್ತು-ಅರವತ್ತು ಕಿಲೋಮೀಟರ್. ದಿನಾ ಹೋಗಿ ಬಂದು ಡಿಗ್ರಿ ಮಾಡಬೇಕೆಂದರೆ ಬೆಳಗ್ಗೆ ಕತ್ತಲಲ್ಲಿ ಹೊರಟು ಸಂಜೆ ಕತ್ತಲಲ್ಲಿ ಮನೆ ಸೇರಬೇಕು. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ಇನ್ನೂ ಕಷ್ಟ. ಕರಾವಳಿಯಲ್ಲಿ ಕಾಲೇಜುಗಳು ಹತ್ತಿರ ಇವೆಯಾದರೂ ಸುಳ್ಯ, ಬೆಳ್ತಂಗಡಿಯ ಒಳಭಾಗದವರಿಗೆ ಈ ಕಷ್ಟ ಹೊಸದೇನಲ್ಲ.

ಅಮೆರಿಕದಲ್ಲಿ ಇಂತಹವರಿಗಾಗಿಯೇ ಕಮ್ಯುನಿಟಿ ಕಾಲೇಜುಗಳಿವೆ. ಕೆಲಸ ಮಾಡುತ್ತಾ, ಮಕ್ಕಳನ್ನು ನೋಡಿಕೊಳ್ಳುತ್ತಾ, ಯಾವ ವಯಸ್ಸಿನಲ್ಲಾದರೂ ಊರಿನ ಹತ್ತಿರವೇ ಓದಬಹುದಾದ ಕಾಲೇಜುಗಳು. ನಮ್ಮ ದೇಶದಲ್ಲೂ 1990ರ ದಶಕದಲ್ಲಿ ಪುದುಚೇರಿ, ಚೆನ್ನೈ ಕಡೆ ಅವು ಶುರುವಾದವು. ಆದರೆ ನಮ್ಮ ಹಳ್ಳಿಗಳ ತನಕ ಬರಲಿಲ್ಲ. ನಮ್ಮ ಕಡೆ ಆ ಕೆಲಸ ಮಾಡುತ್ತಾ ಬಂದದ್ದು ಮೈಸೂರೇ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮೂಲಕ ಪಾಠ ಕಳಿಸುವ ಸಂಸ್ಥೆಯನ್ನು ಆರಂಭಿಸಿತು. ಅದೇ ಮುಂದೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಅದರ ಕಚೇರಿ ಉಂಟು, ಮಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಉಂಟು. ಅಂಚೆಯಲ್ಲಿ ಬರುತ್ತಿದ್ದ ಪಾಠ ಈಗ ಫೋನಿಗೂ ಬರುತ್ತಿದೆ.

ಮೂರು ದಾರಿ, ಮೂರೂ ಬೇರೆ ಬೇರೆ

"ಆನ್‌ಲೈನ್ ಕೋರ್ಸು" ಎಂಬ ಒಂದೇ ಹೆಸರಲ್ಲಿ ಜನ ಮೂರು ಸಂಗತಿಗಳನ್ನು ಕಲಸಿಬಿಡುತ್ತಾರೆ. ಅದನ್ನು ಮೊದಲು ಬಿಡಿಸಿಕೊಳ್ಳಬೇಕು.

ಮೊದಲನೆಯದು ದೂರ ಶಿಕ್ಷಣ. ಪುಸ್ತಕ ಕೊಡುತ್ತಾರೆ, ಕೆಲವು ದಿನ ತರಗತಿಗೆ ಹೋಗಬೇಕು, ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು. ಮುಕ್ತ ವಿವಿಯಲ್ಲಿ ನಮ್ಮವರು ಹೆಚ್ಚಾಗಿ ಮಾಡುವುದು ಇದನ್ನೇ. ನೆಟ್ ಸರಿ ಇಲ್ಲದ ಊರಿನವರಿಗೆ ಇದೇ ಒಳ್ಳೆಯದು.

ಎರಡನೆಯದು ಆನ್‌ಲೈನ್ ಪದವಿ. ಪಾಠ, ಅಸೈನ್‌ಮೆಂಟ್ ಎಲ್ಲ ಇಂಟರ್ನೆಟ್‌ನಲ್ಲಿ. ಮುಕ್ತ ವಿವಿ, ಮೈಸೂರು ವಿವಿ, ದಿಲ್ಲಿಯ ಇಗ್ನೋ ಇಂತಹ ಪದವಿಗಳನ್ನು ಕೊಡುತ್ತವೆ. ಇದಕ್ಕೆ ಗಟ್ಟಿ ನೆಟ್ ಬೇಕು, ಸಾಧ್ಯವಾದರೆ ಫೋನಿಗಿಂತ ದೊಡ್ಡ ಪರದೆ ಬೇಕು.

ಮೂರನೆಯದು ಬಿಡಿ ಕೋರ್ಸು. ಇದು ಪದವಿ ಅಲ್ಲ, ಒಂದು ವಿಷಯದ ಕಲಿಕೆ. ಕೇಂದ್ರ ಸರಕಾರ 2017ರ ಜುಲೈ 9ರಂದು ಶುರು ಮಾಡಿದ 'ಸ್ವಯಂ' ಇದಕ್ಕೆ ದೊಡ್ಡ ಆಸರೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಇದರಲ್ಲೇ ಸಿಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಚಿತ್ರೀಕರಣವಾದ ಪಾಠಗಳೂ ಅದರಲ್ಲಿವೆ. ಪಾಠ ಕೇಳಲಿಕ್ಕೆ, ಅಸೈನ್‌ಮೆಂಟ್ ಬರೆಯಲಿಕ್ಕೆ ಒಂದು ಪೈಸೆ ಬೇಡ. ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಎನ್‌ಪಿಟಿಇಎಲ್‌ನಲ್ಲಿ ಅದು ಒಂದು ಕೋರ್ಸಿಗೆ ಸಾವಿರ ರೂಪಾಯಿಯ ಆಸುಪಾಸು.

ಮನೆಯಲ್ಲಿ ಯಾರೂ ಆನ್‌ಲೈನ್‌ನಲ್ಲಿ ಓದಿದವರಿಲ್ಲದಿದ್ದರೆ ಮೊದಲು ಬಿಡಿ ಕೋರ್ಸು ಮಾಡಿ ನೋಡಿ ಎಂಬುದು ನಮ್ಮ ಸಲಹೆ. ಎನ್‌ಪಿಟಿಇಎಲ್‌ನಲ್ಲಿ ನಾಲ್ಕು ವಾರದ ಕೋರ್ಸು ಎಂದರೆ ಸುಮಾರು ಹತ್ತು ಗಂಟೆಯ ಪಾಠ, ಎಂಟು ವಾರದ್ದಕ್ಕೆ ಇಪ್ಪತ್ತು ಗಂಟೆ, ಹನ್ನೆರಡು ವಾರದ್ದಕ್ಕೆ ಮೂವತ್ತು ಗಂಟೆ. ವಾರಕ್ಕೆ ಎರಡೂವರೆ ಗಂಟೆ ಪಾಠ ಕೇಳಿ, ಅಷ್ಟೇ ಹೊತ್ತು ಓದಿ ಬರೆಯಲಿಕ್ಕೆ ಆಗುತ್ತದೋ ಇಲ್ಲವೋ ಎಂಬುದು ಒಂದು ತಿಂಗಳಲ್ಲೇ ಗೊತ್ತಾಗುತ್ತದೆ. ಆಗದಿದ್ದರೆ ನಷ್ಟ ಏನೂ ಇಲ್ಲ. ಮೂರು ವರ್ಷದ ಡಿಗ್ರಿಗೆ ಫೀಸು ಕಟ್ಟಿದ ಮೇಲೆ ಅದು ಗೊತ್ತಾಗುವುದಕ್ಕಿಂತ ಇದೇ ವಾಸಿ.

ಭಾಷೆಯ ಭಯ ಅನೇಕರಿಗೆ ಉಂಟು. ಸ್ವಯಂನ ಹೆಚ್ಚಿನ ಪಾಠಗಳು ಇಂಗ್ಲಿಷ್‌ನಲ್ಲಿರುವುದು ನಿಜ. ಆದರೆ ಇಲ್ಲಿ ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ಎನ್‌ಪಿಟಿಇಎಲ್‌ನ ಹಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ. ತರಗತಿಯಲ್ಲಿ ಕೈ ಎತ್ತಿ "ಸಾರ್, ಗೊತ್ತಾಗ್ಲಿಲ್ಲ" ಎನ್ನಲು ನಾಚುವ ಮಕ್ಕಳಿಗೆ ಇದು ಒಂದು ಅನುಕೂಲವೇ.

ದುಡ್ಡು ಕೊಡುವ ಮೊದಲು ಮಾನ್ಯತೆ ನೋಡಿ

"ಆರು ತಿಂಗಳಲ್ಲಿ ಡಿಗ್ರಿ", "ಪರೀಕ್ಷೆ ಇಲ್ಲದೆ ಸರ್ಟಿಫಿಕೇಟ್" ಎಂಬ ಮೆಸೇಜುಗಳು ಎಲ್ಲರ ವಾಟ್ಸ್‌ಆ್ಯಪ್‌ಗೂ ಬರುತ್ತವೆ. ಗಲ್ಫಿಗೆ ಹೋಗಲು ಹೊರಟ ಹುಡುಗರು ಇದಕ್ಕೆ ಬೇಗ ಬೀಳುತ್ತಾರೆ. ದೃಢೀಕರಣಕ್ಕೆ ಕೊಟ್ಟಾಗ ಕಾಗದ ವಾಪಸ್ ಬಂದರೆ ಹೋದ ದುಡ್ಡೂ ಬರುವುದಿಲ್ಲ, ಹೋದ ವರ್ಷವೂ ಬರುವುದಿಲ್ಲ.

ಮಾನ್ಯತೆ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ನಮ್ಮ ರಾಜ್ಯದ ಮುಕ್ತ ವಿವಿಯ ಕಥೆಯೇ ಸಾಕು. ರಾಜ್ಯದ ಗಡಿಯ ಹೊರಗೆ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸು ನಡೆಸಿದ್ದೇ ಮೊದಲಾದ ಕಾರಣಕ್ಕೆ, 2012-13ರ ನಂತರ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ನ್ಯಾಯವಾಗಿ ಓದಿ ಪಾಸಾದ ಎಷ್ಟೋ ವಿದ್ಯಾರ್ಥಿಗಳು ಆಗ ನಡುನೀರಿನಲ್ಲಿ ನಿಂತರು. 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು, ಈಗ ವಿವಿ ಚೆನ್ನಾಗಿಯೇ ನಡೆಯುತ್ತಿದೆ. ಸರಕಾರಿ ವಿವಿಗೇ ಹೀಗಾಗಿತ್ತು ಎಂದಾದರೆ, ಹೆಸರು ಕೇಳದ ಸಂಸ್ಥೆಯ ವಿಷಯದಲ್ಲಿ ಇನ್ನೆಷ್ಟು ಜಾಗ್ರತೆ ಬೇಕು, ಯೋಚನೆ ಮಾಡಿ.

ಪರೀಕ್ಷಿಸುವ ಕ್ರಮ ಸುಲಭ. ಯುಜಿಸಿಯ ದೂರ ಶಿಕ್ಷಣ ವಿಭಾಗದ ಜಾಲತಾಣದಲ್ಲಿ ಪ್ರತಿ ವರ್ಷ ಯಾವ ವಿವಿಗೆ ಯಾವ ಕೋರ್ಸಿಗೆ ಅನುಮತಿ ಉಂಟು ಎಂಬ ಪಟ್ಟಿ ಹಾಕಿರುತ್ತಾರೆ. ವಿವಿಯ ಹೆಸರು ಇದ್ದರೆ ಸಾಲದು. ನೀವು ಸೇರುವ ಕೋರ್ಸು, ನೀವು ಸೇರುವ ವರ್ಷ, ದೂರ ಶಿಕ್ಷಣವೋ ಆನ್‌ಲೈನೋ ಎಂಬುದು, ಮೂರೂ ತಾಳೆಯಾಗಬೇಕು. ಹಾಗೆ ಅನುಮತಿ ಇರುವ ಪದವಿಯನ್ನು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿಯ 2020ರ ನಿಯಮ ಹೇಳುತ್ತದೆ. "ದೂರ ಶಿಕ್ಷಣದ ಡಿಗ್ರಿಗೆ ಬೆಲೆ ಇಲ್ಲ" ಎನ್ನುವವರಿಗೆ ಇದನ್ನು ಹೇಳಿ.

ಇನ್ನೊಂದು ಸಂಗತಿ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು ಇವುಗಳ ಪದವಿಯನ್ನು ಆನ್‌ಲೈನ್‌ನಲ್ಲಿ ಮಾಡಲಿಕ್ಕಿಲ್ಲ. ಯಾರಾದರೂ "ಆನ್‌ಲೈನ್ ನರ್ಸಿಂಗ್ ಡಿಗ್ರಿ" ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಗಲ್ಫಿನ ಕೆಲಸಕ್ಕೆಂದೇ ಓದುವವರು ಅಲ್ಲಿ ಪದವಿಯನ್ನು ಪರಿಶೀಲಿಸುವಾಗ ಓದಿದ ವಿಧಾನವನ್ನೂ ಕೇಳುತ್ತಾರೆಯೇ ಎಂದು ಅಲ್ಲಿರುವ ಬಂಧುಗಳಿಂದ, ಕಂಪೆನಿಯಿಂದ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರು, ಆಧಾರ್ ಮತ್ತು ದುಬೈಗೆ ಹೋಗುವ ಒಟಿಪಿ

ಅರ್ಜಿ ಹಾಕಲು ಕೂತ ದಿನ ನಮ್ಮವರು ಸಿಕ್ಕಿಬೀಳುವುದು ಇಲ್ಲಿ. 2024ರ ದ್ವಿತೀಯಾರ್ಧದ ಪ್ರವೇಶದಿಂದ ದೂರ ಶಿಕ್ಷಣ ಮತ್ತು ಆನ್‌ಲೈನ್ ಪದವಿಗೆ ಸೇರುವವರು ಮೊದಲು ಎಬಿಸಿ ಐಡಿ, ಆಮೇಲೆ ಡೆಬ್ ಐಡಿ ಎಂಬ ಎರಡು ಸಂಖ್ಯೆಗಳನ್ನು ಮಾಡಿಸಿಕೊಳ್ಳಬೇಕು. ಎಬಿಸಿ ಐಡಿ ಡಿಜಿಲಾಕರ್ ಮೂಲಕ ಆಗುತ್ತದೆ. ಡಿಜಿಲಾಕರ್‌ಗೆ ಆಧಾರ್ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ.

ಈಗ ನಮ್ಮ ಮನೆಗಳ ಸ್ಥಿತಿ ನೋಡಿ. ಉಮ್ಮನ ಆಧಾರಿಗೂ ಮಗಳ ಆಧಾರಿಗೂ ಜೋಡಿಸಿದ್ದು ಉಪ್ಪನದೋ ಅಣ್ಣನದೋ ನಂಬರು. ಅವರು ಇರುವುದು ದುಬೈ, ದಮ್ಮಾಮ್‌ನಲ್ಲಿ. ಒಟಿಪಿ ಅಲ್ಲಿಗೆ ಹೋಗುತ್ತದೆ, ಅವರು ಕೆಲಸದಲ್ಲಿರುತ್ತಾರೆ, ಹತ್ತು ನಿಮಿಷ ಕಳೆಯುತ್ತದೆ, ಮತ್ತೆ ಮೊದಲಿನಿಂದ. ಎಷ್ಟೋ ಸಲ ಆ ಸಿಮ್ಮೇ ಬಂದ್ ಆಗಿರುತ್ತದೆ. ಓದುವವರ ಆಧಾರಿಗೆ ಓದುವವರ ಕೈಯಲ್ಲಿರುವ ನಂಬರನ್ನೇ ಜೋಡಿಸಿ. ಆಧಾರ್ ಕೇಂದ್ರಕ್ಕೆ ಒಮ್ಮೆ ಹೋಗಿ ಬರುವ ಕೆಲಸ ಅಷ್ಟೇ.

ಹೆಸರಿನ ತೊಂದರೆ ಇನ್ನೊಂದು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಫಾತಿಮತ್ ಝೊಹರಾ, ಆಧಾರಿನಲ್ಲಿ ಫಾತಿಮಾ ಝೋರಾ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಮನೆಯ ಹೆಸರು. ಇವು ತಾಳೆಯಾಗದಿದ್ದರೆ ಐಡಿ ತಯಾರಾಗುವಲ್ಲಿಯೇ ನಿಂತುಹೋಗುತ್ತದೆ. ಎಸೆಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಮೂಲವಾಗಿಟ್ಟು ಆಧಾರನ್ನು ಅದಕ್ಕೆ ಸರಿ ಮಾಡಿಸಿ. ಪ್ರವೇಶದ ಕೊನೆಯ ವಾರ ಈ ಕೆಲಸಕ್ಕೆ ಓಡಿದರೆ ಆಗುವುದಿಲ್ಲ, ಎರಡು ತಿಂಗಳ ಮುಂಚೆ ಮುಗಿಸಿಡಿ.

ಯಾವ ತಿಂಗಳು ಶುರು ಮಾಡಬೇಕು?

ದೂರ ಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ವರ್ಷಕ್ಕೆ ಎರಡು ಬಾರಿ ಬಾಗಿಲು ತೆರೆಯುತ್ತದೆ: ಜನವರಿ-ಫೆಬ್ರವರಿ ಮತ್ತು ಜುಲೈ-ಆಗಸ್ಟ್. ಸ್ವಯಂನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಎಲ್ಲರೂ ಸೇರುತ್ತಾರೆ ಎಂದು ಜುಲೈಯಲ್ಲಿ ಸೇರುವ ಮೊದಲು ನಿಮ್ಮ ಮನೆಯ ಕ್ಯಾಲೆಂಡರ್ ನೋಡಿ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಲ್ಲಿ ಮಳೆಗಾಲ ಎಂದರೆ ಎಲೆ ಮುರಿಯುವ, ಬ್ಯಾರನ್‌ನಲ್ಲಿ ಬೇಯಿಸುವ ಕಾಲ. ರಾತ್ರಿಯೂ ಬೆಂಕಿ ನೋಡಿಕೊಳ್ಳಬೇಕು. ಕೆ.ಆರ್. ನಗರದ ಕಡೆ ಆಗ ಭತ್ತದ ನಾಟಿ. ಕರಾವಳಿ, ಕೊಡಗಿನಲ್ಲಿ ಆಗ ಮಳೆಗೆ ಕರೆಂಟೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಇಂತಹ ಮನೆಯವರು ಮೊದಲ ಕೋರ್ಸನ್ನು ಜನವರಿಯಲ್ಲಿ ಹಿಡಿಯುವುದು ಒಳ್ಳೆಯದು. ಆದರೆ ಈಗಿನ ವರ್ಷಗಳಲ್ಲಿ ರಮಝಾನ್ ಬರುವುದು ಫೆಬ್ರವರಿ-ಮಾರ್ಚ್‌ನಲ್ಲಿ. ಹನ್ನೆರಡು ವಾರದಲ್ಲಿ ನಾಲ್ಕು ವಾರ ಉಪವಾಸದಲ್ಲೇ ಹೋಗುತ್ತದೆ. ಅಡುಗೆಮನೆಯ ಜವಾಬ್ದಾರಿ ಇರುವ ಹೆಂಗಸರಿಗೆ ಆಗ ಸಂಜೆಯ ಹೊತ್ತು ಸಿಗುವುದೇ ಇಲ್ಲ. ಅವರು ರಮಝಾನಿಗೆ ಮೊದಲೇ ಸಾಧ್ಯವಾದಷ್ಟು ಪಾಠ ಮುಗಿಸಬೇಕು, ಇಲ್ಲವೇ ಹನ್ನೆರಡು ವಾರದ್ದರ ಬದಲು ನಾಲ್ಕು ವಾರದ ಕೋರ್ಸನ್ನು ಆರಿಸಬೇಕು.

ಮೊದಲ ಹದಿನೈದು ದಿನ

ನಮ್ಮ ಅನುಭವದಲ್ಲಿ ಕೋರ್ಸು ಬಿಟ್ಟುಹೋಗುವುದು ಕೊನೆಯಲ್ಲಲ್ಲ, ಮೊದಲ ಹದಿನೈದು ದಿನದಲ್ಲಿ. ಮೊದಲ ವಾರದ ಪಾಠ ಉಳಿಯುತ್ತದೆ, ಎರಡನೇ ವಾರದ್ದು ಅದರ ಮೇಲೆ ಬೀಳುತ್ತದೆ, ಮೂರನೇ ವಾರ ತೆರೆದು ನೋಡಲಿಕ್ಕೇ ಮನಸ್ಸಾಗುವುದಿಲ್ಲ. ಇದನ್ನು ತಡೆಯಲು ಕೆಲವು ಕೆಲಸಗಳುಂಟು.

ಒಂದು ಹೊತ್ತು ಗೊತ್ತು ಮಾಡಿ. ಸುಬ್‌ಹಿಯ ನಂತರ ಮಕ್ಕಳು ಮದ್ರಸಕ್ಕೆ ಹೋದ ಮೇಲಿನ ಮುಕ್ಕಾಲು ಗಂಟೆ ಮನೆಯಲ್ಲಿ ಸದ್ದಿರುವುದಿಲ್ಲ. ಕೆಲಸಕ್ಕೆ ಹೋಗುವ ಹುಡುಗರಿಗೆ ಇಶಾ ನಂತರದ ಹೊತ್ತು. ಯಾವುದಾದರೂ ಆಗಲಿ, ದಿನಾ ಅದೇ ಇರಲಿ. ಆ ಹೊತ್ತಿನಲ್ಲಿ ಫೋನು ಓದುವವರ ಕೈಯಲ್ಲಿರಲಿ. ಮನೆಗೆ ಒಂದೇ ಫೋನ್ ಇದ್ದರೆ ಇದನ್ನು ಮನೆಯವರೆಲ್ಲ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಸೊಸೆ ಫೋನ್ ಹಿಡಿದು ಕೂತರೆ "ರೀಲ್ಸ್ ನೋಡ್ತಾಳೆ" ಎನ್ನುವ ಮಾತು ಬರುವ ಮನೆಯಲ್ಲಿ ಓದು ಮುಂದೆ ಹೋಗುವುದಿಲ್ಲ. ಅತ್ತೆಗೆ ಮೊದಲೇ ಗೊತ್ತಿದ್ದರೆ ಅವರೇ ಮಗುವನ್ನು ಎತ್ತಿಕೊಳ್ಳುತ್ತಾರೆ.

ಡಾಟಾದ ಲೆಕ್ಕ ಹೆದರುವಂಥದ್ದಲ್ಲ. ವಿಡಿಯೊದ ಗುಣಮಟ್ಟ ಕಡಿಮೆ ಇಟ್ಟರೆ ಒಂದು ಗಂಟೆಗೆ ಸುಮಾರು 300 ಎಂಬಿ. ಹನ್ನೆರಡು ವಾರದ ಮೂವತ್ತು ಗಂಟೆಗೆ 9 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಬರುವ ಪ್ಯಾಕಿನಲ್ಲಿ ಇದು ಧಾರಾಳ ಸಾಕು. ನೆಟ್ಟೇ ಇಲ್ಲದ ಕಡೆ 'ಸ್ವಯಂ ಪ್ರಭಾ' ಚಾನೆಲ್‌ಗಳು ಡಿಟಿಎಚ್‌ನಲ್ಲಿ ಪಾಠ ಕೊಡುತ್ತವೆ. ಗ್ರಾಮ ಪಂಚಾಯತ್‌ಗಳ ಅರಿವು ಕೇಂದ್ರಗಳಲ್ಲಿ ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ನಿಮ್ಮ ಊರಿನಲ್ಲಿ ಏನಿದೆ ಎಂದು ಒಮ್ಮೆ ಹೋಗಿ ನೋಡಿ.

ಪಾಠ ಬರೀ ನೋಡಬೇಡಿ, ನೋಟ್ ಪುಸ್ತಕ ಇಟ್ಟು ಬರೆದುಕೊಳ್ಳಿ. ಅಸೈನ್‌ಮೆಂಟಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎನ್‌ಪಿಟಿಇಎಲ್‌ನಲ್ಲಿ ಒಟ್ಟು ನೂರು ಅಂಕದಲ್ಲಿ 25 ಅಸೈನ್‌ಮೆಂಟಿನದು, 75 ಪರೀಕ್ಷೆಯದು. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬಂದರೆ ಪಾಸು. ಹನ್ನೆರಡು ವಾರದ ಕೋರ್ಸಿನಲ್ಲಿ ಹೆಚ್ಚು ಅಂಕ ಬಂದ ಎಂಟು ಅಸೈನ್‌ಮೆಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದು ಒಂದೆರಡು ವಾರ ತಪ್ಪಿದರೆ ಎಲ್ಲ ಹೋಯಿತು ಎಂದು ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯ, ಕೋರ್ಸಿಗೆ ಹೆಸರು ಕೊಟ್ಟದ್ದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಪರೀಕ್ಷೆಯ ನೋಂದಣಿಗೆ ಬೇರೆಯೇ ತಾರೀಕು ಇರುತ್ತದೆ. ಪೂರ್ತಿ ಪಾಠ ಮುಗಿಸಿ ಇದೊಂದನ್ನು ಮರೆತು ಸರ್ಟಿಫಿಕೇಟ್ ಕಳೆದುಕೊಂಡವರಿದ್ದಾರೆ. ಪರೀಕ್ಷೆಯನ್ನು ಗೊತ್ತು ಮಾಡಿದ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಚುಂಚನಕಟ್ಟೆಯಿಂದ ಮೈಸೂರಿಗೆ ಹೋಗಿ ಬರಲು ಅವರಿಗೆ ಬಸ್ ಖರ್ಚಿನ ಮಾತಿಲ್ಲ.

ಪಿಯುಸಿಯೇ ಆಗದವರಿಗೆ

ಎಸೆಸೆಲ್ಸಿಗೆ ಮೊದಲೇ ಶಾಲೆ ಬಿಟ್ಟು ಅಂಗಡಿಗೆ, ಮೀನಿನ ವ್ಯಾಪಾರಕ್ಕೆ ಇಳಿದವರು, ದರ್ಸ್‌ಗೆ ಸೇರಿದವರು ನಮ್ಮಲ್ಲಿ ಕಡಿಮೆ ಇಲ್ಲ. ಮದ್ರಸ, ದರ್ಸ್‌ನ ಸನದು ಎಲ್ಲ ಕಡೆಯೂ ಪಿಯುಸಿಗೆ ಸಮ ಎಂದು ಭಾವಿಸಿ ಡಿಗ್ರಿಗೆ ಅರ್ಜಿ ಹಾಕಬೇಡಿ. ಅದಕ್ಕೆ ಬೇರೆ ದಾರಿ ಉಂಟು. ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, 1989ರಿಂದ ನಡೆಯುತ್ತಿದೆ. ಹತ್ತನೇ ತರಗತಿಗೆ 14 ವರ್ಷ, ಹನ್ನೆರಡನೆಯದಕ್ಕೆ 15 ವರ್ಷ ತುಂಬಿರಬೇಕು. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಐದು ವಿಷಯ ಪಾಸಾಗಬೇಕು. ಐದು ವರ್ಷದೊಳಗೆ ಒಂಬತ್ತು ಅವಕಾಶ ಸಿಗುತ್ತದೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಅದರ ಪಾಠಗಳೂ ಸ್ವಯಂನಲ್ಲಿ ಉಚಿತ. ಕೆ.ಆರ್. ನಗರ, ಹುಣಸೂರಿನ ಉರ್ದು ಮಾತಾಡುವ ಮನೆಗಳವರಿಗೆ ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯವೂ ಉಂಟು. 1998ರಲ್ಲಿ ಸ್ಥಾಪನೆಯಾದ ಅದು ದೂರ ಶಿಕ್ಷಣದಲ್ಲೂ ಉರ್ದುವಿನಲ್ಲೇ ಪಾಠ ಕೊಡುತ್ತದೆ. ಕೆಲವು ಮದ್ರಸಗಳ ಸನದನ್ನು ಅದು ಒಪ್ಪುತ್ತದೆ. ನಿಮ್ಮದು ಆ ಪಟ್ಟಿಯಲ್ಲಿ ಉಂಟೋ ಎಂದು ಮೊದಲು ಕೇಳಿಕೊಳ್ಳಿ.

ಜಮಾಅತಿನ ಕೈಯಲ್ಲಿ ಆಗುವ ಕೆಲಸ

ಕೊನೆಗೆ ಜಮಾಅತ್ ಕಮಿಟಿಯವರಿಗೆ ಒಂದು ಮಾತು. ನಮ್ಮ ಮದ್ರಸ ಕಟ್ಟಡಗಳು ಬೆಳಗ್ಗಿನ ತರಗತಿ ಮುಗಿದ ಮೇಲೆ ಹೆಚ್ಚಿನ ಕಡೆ ಸಂಜೆಯವರೆಗೆ ಖಾಲಿ ಇರುತ್ತವೆ. ಬೆಂಚು ಉಂಟು, ಫ್ಯಾನು ಉಂಟು, ಗೋಡೆಯಲ್ಲಿ ಬೋರ್ಡೂ ಉಂಟು. ಒಂದು ವೈಫೈ ಸಂಪರ್ಕ, ಹಳೆಯದಾದರೂ ನಡೆಯುವ ಎರಡು ಕಂಪ್ಯೂಟರ್ ಇಟ್ಟರೆ ಅದೇ ನಮ್ಮ ಊರಿನ ಕಮ್ಯುನಿಟಿ ಕಾಲೇಜು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಹೆಂಗಸರಿಗೆ, ಇಶಾ ನಂತರ ಹುಡುಗರಿಗೆ ಹೊತ್ತು ಹಂಚಿಕೊಡಬಹುದು. ಒಬ್ಬರೇ ಓದಿದರೆ ಬೇಗ ಬೇಸರ ಬರುತ್ತದೆ. ಒಂದೇ ಕೋರ್ಸಿಗೆ ನಾಲ್ಕು ಜನ ಸೇರಿ ಕೂತರೆ ಒಬ್ಬರು ಬಿಟ್ಟರೂ ಉಳಿದ ಮೂವರು ಮನೆಗೆ ಹೋಗಿ ಕರೆಯುತ್ತಾರೆ.

ಪ್ರವೇಶದ ಹೊತ್ತಿನಲ್ಲಿ ಒಂದು ಶುಕ್ರವಾರ ಜುಮಾದ ನಂತರ ಅಲ್ಲಿಯೇ ಮೇಜು ಹಾಕಿ, ಊರಿನಲ್ಲಿ ಡಿಗ್ರಿ ಮಾಡಿದ ಇಬ್ಬರನ್ನು ಕೂರಿಸಿ. ಎಸೆಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡ್ ಹಿಡಿದು ಬಂದವರ ಹೆಸರು ತಾಳೆ ನೋಡಲಿ, ಮೊಬೈಲ್ ನಂಬರು ಯಾರದ್ದೆಂದು ಕೇಳಲಿ, ಸೇರಬೇಕೆಂದಿರುವ ಕೋರ್ಸು ಯುಜಿಸಿ ಪಟ್ಟಿಯಲ್ಲಿ ಉಂಟೋ ಎಂದು ಅಲ್ಲೇ ತೆರೆದು ತೋರಿಸಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. "ಇನ್ನು ಓದಿದ್ದು ಸಾಕು" ಎಂಬ ಮಾತು ಕೇಳಿ ಸುಮ್ಮನಾದ ಒಬ್ಬಳು ಹುಡುಗಿಯಾದರೂ ಆ ಮೇಜಿನ ಹತ್ತಿರ ಬಂದರೆ ಆ ಶುಕ್ರವಾರದ ಕೆಲಸ ಸಾರ್ಥಕ.